ತಮ್ಮನ ಹಡಗಿನ ಸರ್ಟಿಫಿಕೇಟುಗಳು ರದ್ದಾಗುತ್ತವಾ?

ಪ್ರಶ್ನೆ: ನಮ್ಮೂರು ಚಳ್ಳಕೆರೆ. ನನ್ನ ತಮ್ಮ ಎಂಟು ವರ್ಷದಿಂದ ಸರಕು ಹಡಗಿನಲ್ಲಿದ್ದಾನೆ, ಈಗ ಎಬಿ, ಅಂದರೆ ಡೆಕ್ಕಿನ ನುರಿತ ನಾವಿಕ. ರಜೆಗೆ ಬಂದಿದ್ದಾನೆ. ಅವನಿಗೆ ಪರಿಚಯದ ಏಜೆಂಟೊಬ್ಬರು ಫೋನ್ ಮಾಡಿ, "ಎಸ್‌ಟಿಸಿಡಬ್ಲ್ಯೂ ಬದಲಾಗ್ತಿದೆ, 2026ರಿಂದ ಹಳೇ ಸರ್ಟಿಫಿಕೇಟ್ ಯಾವುದೂ ನಡೆಯಲ್ಲ. ಎಲ್ಲಾ ಕೋರ್ಸ್ ಹೊಸದಾಗಿ ಮಾಡಬೇಕು, ಒಟ್ಟಿಗೆ ಮಾಡಿಸಿಕೊಡ್ತೀನಿ" ಎಂದು ದೊಡ್ಡ ಮೊತ್ತ ಕೇಳಿದ್ದಾರೆ. ಇದು ನಿಜವಾ? ಇನ್ನೊಂದು ವಿಷಯ. ನನ್ನ ಮಗ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ, ಕೊನೆಯ ವರ್ಷ. ಚಿಕ್ಕಪ್ಪನನ್ನು ನೋಡಿ ಅವನಿಗೂ ಹಡಗಿನ ಆಸೆ. ಹೊಸ ನಿಯಮ ಬರುವವರೆಗೆ ಕಾಯುವುದು ಒಳ್ಳೆಯದಾ?

ಉತ್ತರ: ಮೊದಲು ಮುಖ್ಯವಾದ ಮಾತು. ಆ ಏಜೆಂಟರಿಗೆ ದುಡ್ಡು ಕೊಡಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಾನು ಇಪ್ಪತ್ತಾರು ವರ್ಷ ಎಂಜಿನ್ ರೂಮಿನಲ್ಲಿ ಕಳೆದು, ಚೀಫ್ ಎಂಜಿನಿಯರ್ ಆಗಿ ಕೆಲಸ ಬಿಟ್ಟು ದಾವಣಗೆರೆಗೆ ವಾಪಸು ಬಂದವನು. ನಮ್ಮ ಕಡೆ ಸಾಗರ ಅಂದರೆ ಸೂಳೆಕೆರೆಯ ಶಾಂತಿಸಾಗರ, ನಿಮ್ಮ ಕಡೆ ಹಿರಿಯೂರಿನ ವಾಣಿವಿಲಾಸ ಸಾಗರ. ಅಷ್ಟೇ. ಮಂಗಳೂರಿನಲ್ಲಾದರೆ ಹಡಗಿನ ಕಾಗದಪತ್ರದ ಬಗ್ಗೆ ಅನುಮಾನ ಬಂದರೆ ಕೇಳಲು ನಾಲ್ಕು ಮನೆಯಾಚೆ ಯಾರಾದರೂ ಸಿಗುತ್ತಾರೆ. ಚಳ್ಳಕೆರೆಯಲ್ಲಿ ಯಾರನ್ನು ಕೇಳುವುದು? ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು.

ಅವರು ಹೇಳಿದ್ದರಲ್ಲಿ ಒಂದು ಚಿಟಿಕೆ ನಿಜ ಇದೆ, ಅದಕ್ಕೇ ಆ ಮಾತು ನಂಬುವ ಹಾಗಿದೆ. ಎಸ್‌ಟಿಸಿಡಬ್ಲ್ಯೂ ಎನ್ನುವುದು ಹಡಗಿನವರ ತರಬೇತಿ, ಸರ್ಟಿಫಿಕೇಟ್ ಮತ್ತು ಪಾಳಿ ಕೆಲಸಕ್ಕೆ ಲೋಕಕ್ಕೆಲ್ಲ ಒಂದೇ ಅಳತೆ ಹಾಕುವ ಒಪ್ಪಂದ. ವಿಶ್ವಸಂಸ್ಥೆಯ ಕಡಲ ಸಂಸ್ಥೆಯಾದ ಐಎಂಒ, ಲಂಡನ್ನಿನಲ್ಲಿ ಕೂತು ಅದನ್ನು ನಡೆಸುತ್ತದೆ. ಆ ಒಪ್ಪಂದವನ್ನು ತಲೆಯಿಂದ ಕಾಲಿನವರೆಗೆ ಪರಿಶೀಲಿಸುವ ಕೆಲಸಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇಪ್ಪತ್ತಕ್ಕೂ ಹೆಚ್ಚು ವಿಷಯಗಳನ್ನು ಪಟ್ಟಿ ಮಾಡಿಕೊಂಡು, ಎಲ್ಲೆಲ್ಲಿ ಕೊರತೆ ಇದೆ ಎಂದು ಹುಡುಕಿದ್ದಾರೆ. ಇದು ಒಂದು ವಿಷಯ. ಇನ್ನೊಂದು, 2026ರ ಜನವರಿ 1ರಿಂದ ಜಾರಿಯಾದ ಒಂದು ತಿದ್ದುಪಡಿ. ಅದು ತೀರಾ ಚಿಕ್ಕದು, ಒಂದೇ ಕೋರ್ಸಿನ ಒಂದು ಭಾಗಕ್ಕೆ ಸಂಬಂಧಿಸಿದ್ದು. ಏಜೆಂಟರು ಈ ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿ ನಿಮ್ಮ ತಟ್ಟೆಗೆ ಹಾಕಿದ್ದಾರೆ.

ದೊಡ್ಡ ಬದಲಾವಣೆಗಳು ಎಷ್ಟು ನಿಧಾನ ಎನ್ನುವುದಕ್ಕೆ ಹಿಂದಿನ ಎರಡನ್ನು ನೋಡಿ. 1995ರ ಜುಲೈನಲ್ಲಿ ಒಪ್ಪಂದವನ್ನು ಹೊಸದಾಗಿ ಬರೆದರು. ಜಾರಿಗೆ ಬಂದಿದ್ದು 1997ರ ಫೆಬ್ರವರಿ. ಹಳಬರು ಹೊಂದಿಕೊಳ್ಳಲು 2002ರ ಫೆಬ್ರವರಿವರೆಗೆ ಸಮಯ ಕೊಟ್ಟರು. ಆಮೇಲೆ 2010ರ ಜೂನ್ 25ರಂದು ಮನಿಲಾದಲ್ಲಿ ಮತ್ತೆ ದೊಡ್ಡ ತಿದ್ದುಪಡಿ ಆಯಿತು. ನಾವು ಜೂನ್ 25ರಂದು ನಾವಿಕರ ದಿನ ಆಚರಿಸುವುದು ಅದರ ನೆನಪಿಗೇ. ಅದು ಜಾರಿಯಾಗಿದ್ದು 2012ರ ಜನವರಿ 1, ಗಡುವು 2017ರ ಜನವರಿ 1. ಎರಡು ಸಲವೂ ಒಪ್ಪಿದ ದಿನದಿಂದ ಕೊನೆಯ ಗಡುವಿನವರೆಗೆ ಆರೂವರೆ ವರ್ಷ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಎಲ್ಲರ ಸರ್ಟಿಫಿಕೇಟೂ ರದ್ದು ಅನ್ನುವುದು ಯಾವತ್ತೂ ಆಗಿಲ್ಲ. ಆಗುವಂತೆಯೂ ಇಲ್ಲ. 2021ರ ಲೆಕ್ಕದಲ್ಲಿ ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ ಸುಮಾರು 19 ಲಕ್ಷ ಜನ ಇದ್ದಾರೆ. ಅವರನ್ನೆಲ್ಲ ಒಟ್ಟಿಗೆ ಕ್ಲಾಸಿಗೆ ಕೂರಿಸಿದರೆ ಹಡಗು ಓಡಿಸುವವರು ಯಾರು?

ಹಾಗಾದರೆ ಈ ನಿಯಮವನ್ನು ಪದೇಪದೇ ಯಾಕೆ ಬದಲಾಯಿಸುತ್ತಾರೆ? ಒಂದೊಂದು ಬದಲಾವಣೆಯ ಹಿಂದೆಯೂ ಮುಳುಗಿದ ಹಡಗುಗಳಿವೆ. 1967ರಲ್ಲಿ ಟೋರಿ ಕ್ಯಾನ್ಯನ್ ಎಂಬ ತೈಲ ಹಡಗು, ಬೇಗ ತಲುಪುವ ಅವಸರದಲ್ಲಿ ಹತ್ತಿರದ ದಾರಿ ಹಿಡಿದು ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಬಂಡೆಗೆ ಬಡಿಯಿತು. ಲಕ್ಷ ಟನ್ನಿಗೂ ಜಾಸ್ತಿ ಕಚ್ಚಾ ಎಣ್ಣೆ ಇದ್ದ ಹಡಗು. ಹಡಗಿನವರ ತರಬೇತಿಗೆ ಒಂದು ಅಳತೆ ಬೇಕು ಎಂಬ ಮಾತು ಆಗ ಜೋರಾಯಿತು. 1978ರಲ್ಲಿ ಮೊದಲ ಒಪ್ಪಂದ ಆಯಿತು, 1984ರಲ್ಲಿ ಜಾರಿಗೆ ಬಂತು. ಆದರೆ ಅದರಲ್ಲಿ ಒಂದು ದೊಡ್ಡ ತೂತು ಇತ್ತು. ಎಷ್ಟು ಕಲಿತರೆ ಸಾಕು ಎನ್ನುವುದನ್ನು ಆಯಾ ದೇಶದ ಸರ್ಕಾರಕ್ಕೆ ತೃಪ್ತಿ ಆದರೆ ಸಾಕು ಎಂದು ಬಿಟ್ಟಿದ್ದರು. ಕೆಲವು ಸರ್ಕಾರಗಳಿಗೆ ಬಹಳ ಬೇಗ ತೃಪ್ತಿ ಆಗುತ್ತಿತ್ತು!

1987ರಲ್ಲಿ ಬೆಲ್ಜಿಯಂನ ಜೀಬ್ರುಗೆ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಫೆರಿ, ಅಂದರೆ ಜನ ಮತ್ತು ವಾಹನ ಸಾಗಿಸುವ ಹಡಗು, ಕೆಲವೇ ನಿಮಿಷದಲ್ಲಿ ಮಗುಚಿತು. 193 ಜನ ಸತ್ತರು. ಕಾರಣ ಕೇಳಿದರೆ ಹೊಟ್ಟೆ ತೊಳಸುತ್ತದೆ. ವಾಹನ ಒಳಗೆ ಬರುವ ಮುಂದಿನ ಬಾಗಿಲು ಹಾಕಿಯೇ ಇರಲಿಲ್ಲ. ಹಾಕಬೇಕಾಗಿದ್ದ ಅಸಿಸ್ಟೆಂಟ್ ಬೋಸನ್ (ಡೆಕ್ಕಿನ ಕೆಲಸಗಾರರ ಮೇಸ್ತ್ರಿಯ ಸಹಾಯಕ) ತನ್ನ ಕ್ಯಾಬಿನ್‌ನಲ್ಲಿ ನಿದ್ದೆಯಲ್ಲಿದ್ದ. ಹಾಕಿದ್ದಾರೆಂದು ಮಿಕ್ಕವರು ಅಂದುಕೊಂಡಿದ್ದರು. ಬಾಗಿಲು ಮುಚ್ಚಿದೆಯೋ ಇಲ್ಲವೋ ತೋರಿಸುವ ದೀಪ ಕ್ಯಾಪ್ಟನ್ ಮುಂದೆ ಇರಲಿಲ್ಲ. ಆಫೀಸರ್ ದರ್ಜೆಯಲ್ಲದ, ನಿಮ್ಮ ತಮ್ಮನಂಥ ರೇಟಿಂಗ್ ಒಬ್ಬನ ದಣಿವು ಎಷ್ಟು ಜೀವಕ್ಕೆ ಕುತ್ತಾಗಬಹುದು ನೋಡಿ. ಆ ಹುಡುಗನೊಬ್ಬನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವುದು ಮಾತ್ರ ಅನ್ಯಾಯ. ದುಡಿಸುವ ಪದ್ಧತಿಯೇ ಹಾಗಿತ್ತು. ಇವತ್ತು 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಲೇಬೇಕು ಎಂಬ ನಿಯಮ ಇದೆ. ಪುಸ್ತಕದಲ್ಲಿ. ನಿಜದಲ್ಲಿ ಎಷ್ಟು ಸಿಗುತ್ತದೆ ಎಂದು ತಮ್ಮನನ್ನೇ ಕೇಳಿ, ನಗುತ್ತಾನೆ. ಸ್ವೀಡನ್ನಿನಲ್ಲಿರುವ ವಿಶ್ವ ಕಡಲ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಬರೆದರು: ವಿಶ್ರಾಂತಿಯ ದಾಖಲೆಯನ್ನು ನಿಯಮಕ್ಕೆ ಹೊಂದುವ ಹಾಗೆ ತಿದ್ದಿ ಬರೆಯುವುದು ಹಡಗುಗಳಲ್ಲಿ ರೂಢಿಯೇ ಆಗಿದೆ ಎಂದು. ನಾನೂ ಅಂಥ ಹಾಳೆಗಳಿಗೆ ಸಹಿ ಹಾಕಿದ್ದೇನೆ. ಹೆಮ್ಮೆಯಿಂದ ಹೇಳುತ್ತಿಲ್ಲ.

1995ರಲ್ಲಿ ಆ ತೂತು ಮುಚ್ಚಿದರು. ಎಷ್ಟು ದಿನ ಕ್ಲಾಸಿನಲ್ಲಿ ಕೂತೆ ಅನ್ನುವುದಕ್ಕಿಂತ ಕೆಲಸ ಮಾಡಿ ತೋರಿಸಬಲ್ಲೆಯಾ ಎಂದು ಕೇಳುವ ಪದ್ಧತಿ ಬಂತು. ಎಸ್‌ಟಿಸಿಡಬ್ಲ್ಯೂ ಕೋಡ್ ಎಂಬ ದಪ್ಪ ಪುಸ್ತಕದಲ್ಲಿ ಒಂದೊಂದು ಕೆಲಸಕ್ಕೂ ನಾಲ್ಕು ಕಾಲಮ್ಮಿನ ಕೋಷ್ಟಕ ಇದೆ. ನಮ್ಮೂರ ಭಾಷೆಯಲ್ಲಿ ಹೇಳುತ್ತೇನೆ. ಬೆಣ್ಣೆ ದೋಸೆ ಭಟ್ಟನಿಗೆ ಇಂಥ ಕೋಷ್ಟಕ ಇದ್ದರೆ ಮೊದಲ ಕಾಲಮ್ಮಿನಲ್ಲಿ 'ದೋಸೆ ಹೊಯ್ಯುವುದು' ಅಂತ ಇರುತ್ತದೆ. ಎರಡನೆಯದರಲ್ಲಿ ಹಿಟ್ಟಿನ ಹದ, ಕಾವಲಿಯ ಕಾವು, ಯಾವಾಗ ಬೆಣ್ಣೆ ಹಾಕಬೇಕು ಎಂಬ ತಿಳಿವಳಿಕೆ. ಮೂರನೆಯದರಲ್ಲಿ ಅದನ್ನು ಎಲ್ಲಿ ತೋರಿಸಬೇಕು, ಅಂದರೆ ನಿಜವಾದ ಕಾವಲಿಯ ಮುಂದೆ ನಿಂತು. ನಾಲ್ಕನೆಯದರಲ್ಲಿ ಪಾಸು ಎನ್ನಲು ಏನು ಕಾಣಬೇಕು: ಹರಿದಿರಬಾರದು, ಅಂಚು ಗರಿಗರಿ, ನಡುವೆ ಮೆತ್ತಗೆ. ಹಡಗಿನಲ್ಲಿ ದೋಸೆಯ ಜಾಗದಲ್ಲಿ ಬೆಂಕಿ ಆರಿಸುವುದು, ಲೈಫ್‌ಬೋಟ್ ಇಳಿಸುವುದು, ಜನರೇಟರ್ ನಿಂತಾಗ ಮತ್ತೆ ಚಾಲೂ ಮಾಡುವುದು ಬರುತ್ತದೆ. ಜೊತೆಗೆ, ನಿಯಮ ಸರಿಯಾಗಿ ಪಾಲಿಸುವ ದೇಶಗಳ ಹೆಸರನ್ನು ಐಎಂಒ ಒಂದು 'ವೈಟ್ ಲಿಸ್ಟ್' ಮಾಡಿ 2000ದ ಡಿಸೆಂಬರಿನಲ್ಲಿ ಮೊದಲ ಬಾರಿ ಹೊರಡಿಸಿತು. ಆ ಮೊದಲ ಪಟ್ಟಿಯಲ್ಲೇ ಭಾರತ ಇತ್ತು.

ಅಳತೆ ಇಷ್ಟು ಚೆನ್ನಾಗಿದ್ದರೂ ಮತ್ತೆ ಪರಿಶೀಲನೆ ಯಾಕೆ ಅಂತ ಕೇಳಬಹುದು. ನನ್ನ ಅನುಭವವನ್ನೇ ಹೇಳುತ್ತೇನೆ. ಮನಿಲಾ ಗಡುವು ಹತ್ತಿರ ಬಂದ 2016ರಲ್ಲಿ ತರಬೇತಿ ಸಂಸ್ಥೆಗಳ ಮುಂದೆ ಉದ್ದುದ್ದ ಸಾಲು. ನಾನು ಒಂದು ಬಂದರು ನಗರದಲ್ಲಿ ರಿಫ್ರೆಶರ್‌ಗೆ, ಅಂದರೆ ಕಲಿತದ್ದನ್ನು ಮತ್ತೆ ತಾಜಾ ಮಾಡುವ ಕೋರ್ಸಿಗೆ ಹೋದೆ. ಬೆಂಕಿ ಆರಿಸುವ ಅಭ್ಯಾಸ ಅಂದರೆ ತಗಡಿನ ತಟ್ಟೆಯಲ್ಲಿ ಒಂದಿಷ್ಟು ಡೀಸೆಲ್ ಉರಿಸಿದರು. ಒಬ್ಬೊಬ್ಬರೂ ಬಂದು ಅರ್ಧ ನಿಮಿಷ ಸಿಲಿಂಡರ್ ಒತ್ತಿ ಫೋಟೊ ತೆಗೆಸಿಕೊಂಡು ಹೋದರು. ಸಂಜೆಗೆ ಸರ್ಟಿಫಿಕೇಟ್ ಕೈಯಲ್ಲಿ. ಎಂಜಿನ್ ರೂಮಿನ ನಿಜವಾದ ಬೆಂಕಿ ನೋಡಿದ್ದ ನನಗೆ ನಾಚಿಕೆ ಆಯಿತು. ಆದರೂ ಸಹಿ ಹಾಕಿ ತಗೊಂಡೆ, ಯಾಕೆಂದರೆ ಹಡಗಿಗೆ ಜಾಯಿನಿಂಗ್ ಇತ್ತು.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. 2013ರ ಸೆಪ್ಟೆಂಬರಿನಲ್ಲಿ ಓವಿಟ್ ಎಂಬ ಟ್ಯಾಂಕರ್ ಇಂಗ್ಲಿಷ್ ಕಾಲುವೆಯ ವಾರ್ನ್ ಮರಳುದಿಬ್ಬದ ಮೇಲೆ ಹತ್ತಿ ಕೂತಿತು. ನಕ್ಷೆ ತೋರಿಸುವ ಇಸಿಡಿಸ್ ಯಂತ್ರ ಹಡಗಿನಲ್ಲಿತ್ತು. ಆಫೀಸರುಗಳು ಅದರ ಕೋರ್ಸ್ ಕೂಡ ಮಾಡಿದ್ದರು. ಆದರೆ ಅನುಭವ ಕಡಿಮೆ ಇದ್ದ ಕಿರಿಯ ಆಫೀಸರ್ ಯಂತ್ರದ ಮೇಲೆ ಎಳೆದ ದಾರಿ ಆ ದಿಬ್ಬದ ಮೇಲೆಯೇ ಹೋಗುತ್ತಿತ್ತು. ಕೂಗಬೇಕಾದ ಅಲಾರಂ ಕೂಗಲಿಲ್ಲ. ಕೈಯಲ್ಲಿ ಕಾಗದ ಇತ್ತು, ಕೆಲಸ ಬರುತ್ತಿರಲಿಲ್ಲ. ಈಗ ಕಂಪ್ಯೂಟರಿನಲ್ಲಿ ಕಲಿಯುವುದು, ಸಿಮ್ಯುಲೇಟರ್ ಜಾಸ್ತಿ ಬಳಸುವುದು, ಸೀ ಟೈಮ್ (ಕಡಲಿನಲ್ಲಿ ದುಡಿದ ದಿನಗಳು) ಲೆಕ್ಕ ಹಾಕುವುದು ಎಂದು ನಡೆಯುತ್ತಿರುವ ಚರ್ಚೆಯನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ಸಿಮ್ಯುಲೇಟರ್ ಒಳ್ಳೆಯದು. ಆದರೆ ನಲವತ್ತು ಜನಕ್ಕೆ ಒಂದು ಸಿಮ್ಯುಲೇಟರ್ ಇಟ್ಟು, ಮೂವತ್ತೆಂಟು ಜನ ಹಿಂದೆ ನಿಂತು ನೋಡಿದರೆ ಅದು ಸಿನಿಮಾ.

ಎಂಜಿನಿಯರ್ ಆಗಿ ನನಗೆ ಹೆಚ್ಚು ಚಿಂತೆ ಇರುವುದು ಇಂಧನದ್ದು. ನಿಮ್ಮ ಮಗನಿಗೂ ಇದು ಬೇಕಾಗುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಕಲಿತದ್ದು ಹೆವಿ ಆಯಿಲ್. ಕಾಯಿಸದಿದ್ದರೆ ಹರಿಯುವುದೇ ಇಲ್ಲ, ಟಾರಿನ ಹಾಗೆ. ಗಲೀಜು ನಿಜ, ಆದರೆ ಒಂದು ಲೆಕ್ಕದಲ್ಲಿ ಸಾಧು ಪ್ರಾಣಿ. 60 ಡಿಗ್ರಿಗಿಂತ ಕೆಳಗೆ ಕಿಡಿ ತಾಗಿದರೂ ಹೊತ್ತಿಕೊಳ್ಳದ ಎಣ್ಣೆಯನ್ನೇ ಬಳಸಬೇಕು ಎನ್ನುವುದು ಹಡಗುಗಳ ಹಳೆಯ ನಿಯಮ. ಆ ಧೈರ್ಯದ ಮೇಲೆ ನಮ್ಮ ಇಡೀ ಅಭ್ಯಾಸ ನಿಂತಿತ್ತು. ಈಗ ಬರುತ್ತಿರುವವು ಬೇರೆ ಜಾತಿಯವು. ದ್ರವ ರೂಪದ ನೈಸರ್ಗಿಕ ಅನಿಲ ಮೈನಸ್ 162 ಡಿಗ್ರಿಯಲ್ಲಿರುತ್ತದೆ. ಮೈಮೇಲೆ ಬಿದ್ದರೆ ಚರ್ಮ ಹೋಗುತ್ತದೆ, ಸಾಧಾರಣ ಉಕ್ಕಿನ ಡೆಕ್ ಮೇಲೆ ಚೆಲ್ಲಿದರೆ ಡೆಕ್ಕೇ ಬಿರಿಯುತ್ತದೆ. ಮೆಥನಾಲ್ 12 ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳಬಲ್ಲದು, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಬೆಂಕಿ ಎಲ್ಲಿದೆ ಎಂದು ಗೊತ್ತಾಗದೆ ಅದರೊಳಗೇ ಕಾಲಿಡಬಹುದು. ಅಮೋನಿಯಾ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಆದರೆ ವಿಷ. ನಿಮ್ಮ ಕಡೆಯ ರೈತರಿಗೆ ಅದರಿಂದ ಮಾಡಿದ ಯೂರಿಯಾ ಗೊತ್ತು. ಆ ಯೂರಿಯಾದ ಅಮ್ಮನನ್ನೇ ಟ್ಯಾಂಕಿನಲ್ಲಿ ತುಂಬಿಕೊಂಡು ಮುಚ್ಚಿದ ಎಂಜಿನ್ ರೂಮಿನಲ್ಲಿ ಕೆಲಸ ಮಾಡುವುದನ್ನು ಊಹಿಸಿ. ಒಂದು ಪೈಪಿನ ಜಾಯಿಂಟ್ ಬಿಟ್ಟರೆ ಓಡಿ ಹೋಗಲು ಸಿಗುವುದು ಕೆಲವೇ ಕ್ಷಣ.

ಬೆಂಕಿ ಹೊತ್ತಿಕೊಳ್ಳುವ ಮಟ್ಟ ಕಡಿಮೆ ಇರುವ ಇಂಥ ಇಂಧನದ ಹಡಗುಗಳಿಗೆ ಬೇರೆಯೇ ತರಬೇತಿ 2017ರಿಂದಲೇ ಕಡ್ಡಾಯ. ಆದರೆ ಅದು ಅನಿಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮೆಥನಾಲ್, ಅಮೋನಿಯಾ, ಹೈಡ್ರೋಜನ್‌ಗೆ ಏನು ಕಲಿಸಬೇಕು ಎಂಬ ಮಧ್ಯಂತರ ಮಾರ್ಗಸೂಚಿಯ ಕೆಲಸವನ್ನು ಐಎಂಒ ಕೈಗೆತ್ತಿಕೊಂಡಿದೆ. ಹಡಗು ಮೊದಲು ಬಂತು, ಪಾಠ ಆಮೇಲೆ. ಇದು ನನಗೆ ಹಿಡಿಸದ ಸಂಗತಿ. ಕಲಿಸುವ ಗುರುಗಳಲ್ಲಿ ಈ ಎಂಜಿನ್ ಮುಟ್ಟಿದವರು ಎಷ್ಟು ಜನ ಇದ್ದಾರು?

ಈಗ ಆ 2026ರ ತಿದ್ದುಪಡಿ. ಹಡಗಿಗೆ ಹೊಸದಾಗಿ ಸೇರುವ ಎಲ್ಲರೂ ಮಾಡುವ ಬೇಸಿಕ್ ಕೋರ್ಸುಗಳಲ್ಲಿ ಪಿಎಸ್‌ಎಸ್‌ಆರ್ ಅಂತ ಒಂದಿದೆ. ಹಡಗಿನ ಮೇಲೆ ಹೇಗೆ ಬದುಕಬೇಕು, ಯಾರ ಜೊತೆ ಹೇಗಿರಬೇಕು ಎನ್ನುವ ಕೋರ್ಸ್. ಅದರೊಳಗೆ ಬೆದರಿಸುವುದು, ಪೀಡಿಸುವುದು, ಲೈಂಗಿಕ ಕಿರುಕುಳ ಮತ್ತು ಲೈಂಗಿಕ ದೌರ್ಜನ್ಯವನ್ನು ತಡೆಯುವ ಪಾಠ ಸೇರಿಸಿದ್ದಾರೆ. 2024ರ ಮೇ ತಿಂಗಳಲ್ಲಿ ಒಪ್ಪಿಗೆ ಆಗಿತ್ತು. ಅಧಿಕಾರದ ದುರುಪಯೋಗ, ಕುಡಿತ, ದಣಿವು ಇದಕ್ಕೆಲ್ಲ ಹೇಗೆ ದಾರಿ ಮಾಡುತ್ತವೆ, ನೋಡುತ್ತಾ ನಿಂತವನು ಏನು ಮಾಡಬೇಕು, ನೊಂದವರ ಜೊತೆ ಹೇಗೆ ಮಾತಾಡಬೇಕು ಎನ್ನುವುದೆಲ್ಲ ಅದರಲ್ಲಿ ಬರುತ್ತದೆ. ಇದೇನು ದೊಡ್ಡ ವಿಷಯ ಎಂದು ಕೆಲವು ಹಳೇ ತಲೆಗಳು ಮೂಗು ಮುರಿಯುತ್ತವೆ. ಹಡಗಿನವರಲ್ಲಿ ಹೆಂಗಸರು 2021ರ ಲೆಕ್ಕದಲ್ಲಿ ನೂರಕ್ಕೆ 1.28 ಮಾತ್ರ. ಯಾಕೆ ಇಷ್ಟು ಕಡಿಮೆ ಎಂದು ಆ ತಲೆಗಳು ಸ್ವಲ್ಪ ಯೋಚಿಸಲಿ. ಗಂಡು ಹುಡುಗರೂ ಕಡಿಮೆ ಅನುಭವಿಸಿಲ್ಲ. ನಾನು ಕೆಡೆಟ್ ಆಗಿದ್ದಾಗ ಒಬ್ಬ ಸೆಕೆಂಡ್ ಎಂಜಿನಿಯರ್ ನನ್ನನ್ನು ತಿಂಗಳುಗಟ್ಟಲೆ ಹೆಸರಿಟ್ಟು ಕರೆಯಲಿಲ್ಲ, ಕರೆದದ್ದೆಲ್ಲ ಬೈಗುಳದಲ್ಲೇ. ನಾಲ್ಕು ಕಡೆ ನೀರು, ದೂರು ಹೇಳಲು ಹೋಗುವುದೆಲ್ಲಿ?

ನಿಮ್ಮ ತಮ್ಮನಿಗೆ ಇದರಿಂದ ಆಗುವುದಿಷ್ಟು. ಪಿಎಸ್‌ಎಸ್‌ಆರ್ ಸರ್ಟಿಫಿಕೇಟನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಎಂದು ಒಪ್ಪಂದದಲ್ಲಿ ಇಲ್ಲ. ಈಗಾಗಲೇ ಕೆಲಸದಲ್ಲಿರುವವರು ಈ ಹೊಸ ಪಾಠವನ್ನು ಹೇಗೆ ಕಲಿಯಬೇಕು ಎನ್ನುವುದನ್ನು ನಮ್ಮಲ್ಲಿ ಹೇಳಬೇಕಾದವರು ಮುಂಬೈನ ಡಿಜಿ ಶಿಪ್ಪಿಂಗ್, ಹಡಗಿನ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ. ಅವರ ವೆಬ್‌ಸೈಟಿನಲ್ಲಿ ಸುತ್ತೋಲೆಗಳು ಎಲ್ಲರಿಗೂ ತೆರೆದಿರುತ್ತವೆ. ತಮ್ಮ ಅಲ್ಲಿ ಓದಲಿ, ಆಮೇಲೆ ಹಡಗಿಗೆ ಜನ ಕಳಿಸುವ ತನ್ನ ಕಂಪನಿಯ ಕ್ರ್ಯೂಯಿಂಗ್ ಆಫೀಸಿಗೆ ಒಂದು ಮೇಲ್ ಹಾಕಲಿ. ಆ ಎರಡು ಕಡೆಯಿಂದ ಬಂದ ಮಾತು ಮಾತ್ರ ಮಾತು. ಏನೇ ಆದರೂ ಅದು ಒಂದು ಪಾಠ, ಇಡೀ ಫೈಲು ಹೊಸದಾಗಿ ಮಾಡಿಸುವುದಲ್ಲ.

ನಿಜವಾಗಿ ಅವಧಿ ಮುಗಿಯುವ ಕಾಗದಗಳು ಬೇರೆ ಇವೆ, ಏಜೆಂಟರು ಅವುಗಳ ಸುದ್ದಿ ಎತ್ತಿಲ್ಲ ನೋಡಿ! ಫೈಲು ತೆಗೆದು ಒಟ್ಟಿಗೆ ಕೂರಿ. ಮೆಡಿಕಲ್ ಸರ್ಟಿಫಿಕೇಟ್ ಹೆಚ್ಚೆಂದರೆ ಎರಡು ವರ್ಷ. ಸಿಡಿಸಿ, ಅಂದರೆ ನಾವಿಕನ ಗುರುತು ಮತ್ತು ಸೇವೆಯ ಪುಸ್ತಕ, ಹತ್ತು ವರ್ಷ. ನೀರಿನಲ್ಲಿ ಜೀವ ಉಳಿಸಿಕೊಳ್ಳುವ ಪಿಎಸ್‌ಟಿ ಮತ್ತು ಬೆಂಕಿ ಆರಿಸುವ ಎಫ್‌ಪಿಎಫ್‌ಎಫ್, ಇವೆರಡಕ್ಕೆ ಐದು ವರ್ಷಕ್ಕೊಮ್ಮೆ ರಿಫ್ರೆಶರ್ ಬೇಕು. ಲೈಫ್‌ಬೋಟಿನ ಪಿಎಸ್‌ಸಿಆರ್‌ಬಿ ಮಾಡಿದ್ದರೆ ಅದಕ್ಕೂ ಅಷ್ಟೇ. ಇವು ಮನಿಲಾದಲ್ಲಿ ಬಂದ ನಿಯಮಗಳು. ನಿಮ್ಮ ಜೋಗಿಮಟ್ಟಿ ಕಡೆ ಗಾಳಿಯಂತ್ರ ಹತ್ತುವ ಹುಡುಗರು ಸೊಂಟದ ಬೆಲ್ಟು, ಹಗ್ಗದ ಅಭ್ಯಾಸ ಬಿಟ್ಟರೆ ಏನಾಗುತ್ತದೆ? ಇಲ್ಲಿಯೂ ಅದೇ. ಪ್ರಥಮ ಚಿಕಿತ್ಸೆಯ ಇಎಫ್‌ಎ, ಭದ್ರತೆಯ ಎಸ್‌ಟಿಎಸ್‌ಡಿಎಸ್‌ಡಿ ಇವಕ್ಕೆ ಒಪ್ಪಂದದಲ್ಲಿ ಐದು ವರ್ಷದ ಗೊಡವೆ ಇಲ್ಲ. ಒಂದು ಹಾಳೆಯಲ್ಲಿ ಕಾಗದದ ಹೆಸರು, ಮುಗಿಯುವ ದಿನಾಂಕ ಬರೆದು ದೇವರ ಮನೆ ಬಾಗಿಲ ಹಿಂದೆ ಅಂಟಿಸಿ. ನಮ್ಮಮ್ಮ ಹಾಗೇ ಮಾಡುತ್ತಿದ್ದರು. ನನಗಿಂತ ಮೊದಲು ಅವರಿಗೇ ನನ್ನ ಮೆಡಿಕಲ್ ಮುಗಿಯುವುದು ಗೊತ್ತಾಗುತ್ತಿತ್ತು.

ಇನ್ನೊಂದು ಸಣ್ಣ ವಿಷಯ. 2025ರ ಜನವರಿಯಿಂದ ಎಲೆಕ್ಟ್ರಾನಿಕ್ ಸರ್ಟಿಫಿಕೇಟಿಗೂ ಒಪ್ಪಂದದಲ್ಲಿ ಜಾಗ ಸಿಕ್ಕಿದೆ. ಮುಂದೆ ಬಣ್ಣದ ಕಾಗದ, ಸೀಲು ಕಡಿಮೆ ಆಗುತ್ತಾ ಹೋಗುತ್ತದೆ. ಆನ್‌ಲೈನಿನಲ್ಲಿ ಪರೀಕ್ಷಿಸಿದರೆ ಕಾಣದ ಸರ್ಟಿಫಿಕೇಟ್ ಯಾರಾದರೂ ಮಾಡಿಸಿಕೊಡುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಸಿಕ್ಕಿಬಿದ್ದರೆ ಹೋಗುವುದು ತಮ್ಮನ ಸಿಡಿಸಿ, ಏಜೆಂಟರ ಅಂಗಡಿಯಲ್ಲ. ಕೆಲಸಕ್ಕೆ ಹಚ್ಚುವ ಕಂಪನಿಗಳಿಗೆ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇದ್ದವರು ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ಇಷ್ಟು ತಿಳಿದಿದ್ದರೆ ಅರ್ಧ ಜನ ಫೋನ್ ಮಾಡುವುದನ್ನೇ ಬಿಡುತ್ತಾರೆ.

ಮಗನ ವಿಷಯ. ಕಾಯಬೇಡಿ. ಪರಿಶೀಲನೆ ಮುಗಿದು, ಒಪ್ಪಿಗೆ ಆಗಿ, ಜಾರಿಗೆ ಬಂದು, ಗಡುವು ಮುಗಿಯುವ ಹೊತ್ತಿಗೆ ಅವನು ಸೆಕೆಂಡ್ ಎಂಜಿನಿಯರ್ ಆಗಿರಬಹುದು. ಮೆಕ್ಯಾನಿಕಲ್ ಮುಗಿಸಿದವರಿಗೆ ಜಿಎಂಇ ಎಂಬ ಒಂದು ವರ್ಷದ ಮರೈನ್ ಎಂಜಿನಿಯರಿಂಗ್ ಕೋರ್ಸ್ ಇದೆ. ಎಲೆಕ್ಟ್ರಿಕಲ್ ಓದಿದ ಗೆಳೆಯರಿದ್ದರೆ ಅವರಿಗೆ ಇಟಿಒ (ಹಡಗಿನ ವಿದ್ಯುತ್ ವಿಭಾಗದ ಆಫೀಸರ್) ದಾರಿ ಇದೆ, ಮನಿಲಾದಲ್ಲೇ ಆ ಹುದ್ದೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು. ಹೊಸ ಹಡಗುಗಳಲ್ಲಿ ಸಾವಿರ ವೋಲ್ಟ್ ಮೀರಿದ ವಿದ್ಯುತ್ ಓಡುತ್ತದೆ. ಅಂಥವರಿಗೆ ಬೇಡಿಕೆ ಕಡಿಮೆ ಆಗುವುದಿಲ್ಲ. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ವರ್ಕ್‌ಶಾಪಿಗೆ ಹೋಗಿ. ಪಾಠ ಮಾಡುವವರು ಕೊನೆಯ ಸಲ ಹಡಗು ಇಳಿದದ್ದು ಯಾವ ವರ್ಷ ಎಂದು ಕೇಳಿ. ಸಿಮ್ಯುಲೇಟರ್ ಮುಂದೆ ಒಬ್ಬ ಹುಡುಗನಿಗೆ ಎಷ್ಟು ಗಂಟೆ ಸಿಗುತ್ತದೆ ಎಂದು ಕೇಳಿ. ಕೋರ್ಸ್ ಮುಗಿದ ಮೇಲೆ ಹಡಗು ಹತ್ತಿಸುವ ಕಂಪನಿ ಯಾವುದು ಎನ್ನುವುದನ್ನು ಬರಹದಲ್ಲಿ ಕೇಳಿ. ಓದಿ ಮುಗಿಸಿ ಹಡಗು ಸಿಗದೆ ಮನೆಯಲ್ಲಿ ಕೂತ ಹುಡುಗರು ಬೇಕಾದಷ್ಟಿದ್ದಾರೆ.

ಇದಕ್ಕೆಲ್ಲ ಮೊದಲು ಒಂದು ಕೆಲಸ. ಫೀಸು ಕಟ್ಟುವ ಮುಂಚೆ ಮಗನ ಕಣ್ಣು ತೋರಿಸಿ. ಬರೀ ನಂಬರ್ ಅಲ್ಲ, ಬಣ್ಣ ಗುರುತಿಸುವ ಪರೀಕ್ಷೆ. ಚುಕ್ಕಿಗಳ ನಡುವೆ ಅಂಕಿ ಓದಿಸುವ ಪುಸ್ತಕ ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರವೇ ಸಿಗುತ್ತದೆ, ಹತ್ತು ನಿಮಿಷದ ಮಾತು. ನಮ್ಮ ತಾಲ್ಲೂಕಿನದೇ ಹುಡುಗನೊಬ್ಬ, ಅವರಪ್ಪ ಜಮೀನಿನ ಮೇಲೆ ಸಾಲ ಮಾಡಿ ಫೀಸು ಕಟ್ಟಿದ ಮೇಲೆ ಮೆಡಿಕಲ್ ಪರೀಕ್ಷೆಗೆ ಹೋದ. ಕೆಂಪು ಹಸಿರು ಕಲಸಿ ಕಾಣುತ್ತದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.